ಒಂದು ಗೇಣಿನ ತಪ್ಪು

"ಲೋಟದ ನೀರು ಒಂದು ತೊಟ್ಟೂ ಚೆಲ್ಲಬಾರದು" ಎಂದು ಅವಳು ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಲೋಟ ನೀರು ಅವಳ ಮಡಿಲಲ್ಲಿತ್ತು.

ವ್ಯಾನು ಗಕ್ಕನೆ ನಿಂತಿತ್ತು. ಎದುರಿಗೆ ಕೆಂಪು ದೀಪ. ಹಿಂದೆ, ಒಗೆದು ಮಡಿಸಿದ ಆಸ್ಪತ್ರೆಯ ಹಾಸಿಗೆ ಬಟ್ಟೆಗಳ ಗಂಟುಗಳು ದೊಪದೊಪನೆ ಉರುಳಿದ ಸದ್ದು.

ಸ್ಟೇರಿಂಗ್ ಹಿಡಿದವನು ನಾಲಿಗೆ ಕಚ್ಚಿಕೊಂಡ. ಹಿಂದಿನಿಂದ ಒಂದು ಬಿಳಿ ಟವೆಲು ಎಳೆದು ಅವಳತ್ತ ಚಾಚಿದ.

"ತಗೊಳ್ಳಿ ಮೇಡಂ. ಬಟ್ಟೆ ಒಗೆಯೋ ಕಂಪನಿ ನಮ್ದು, ಒರೆಸ್ಕೊಳ್ಳೋಕೆ ಬರ ಇಲ್ಲ."

ನಗು ಬಂತು. ಆದರೆ ಮೊದಲ ದಿನವೇ ನಕ್ಕರೆ ಇವನು ಹೇಳಿದ ಮಾತು ಕೇಳುವನೇ? ಅವಳು ತುಟಿ ಬಿಗಿಹಿಡಿದಳು.

ಆ ಲಾಂಡ್ರಿ ಕಂಪನಿಗೆ ಆರು ವ್ಯಾನುಗಳಿದ್ದವು. ಅವು ಕುಡಿಯುವ ಡೀಸೆಲ್ ಕಡಿಮೆಯಾಗುವಂತೆ ಓಡಿಸುವುದು ಹೇಗೆಂದು ಡ್ರೈವರುಗಳಿಗೆ ಕಲಿಸಲು ಅವಳನ್ನು ನೇಮಿಸಿದ್ದರು. ಹನಿ ಹನಿಗೂ ಲೆಕ್ಕ ಕೇಳುತ್ತಾಳೆಂದು ಡ್ರೈವರುಗಳು ಒಂದೇ ವಾರದಲ್ಲಿ ಅವಳಿಗೆ 'ಹನಿ ಮೇಡಂ' ಎಂದು ಹೆಸರಿಟ್ಟರು. ಇವನಿಗೆ ಆ ಮೊದಲೇ ಒಂದು ಹೆಸರಿತ್ತು... ಬಿರುಗಾಳಿ.

"ದೀಪ ಕೆಂಪಾಗಿದ್ದು ಅಷ್ಟು ದೂರದಿಂದ್ಲೇ ಕಾಣಿಸ್ತು ಅಲ್ವಾ?" ಎಂದಳು ಒದ್ದೆ ಸೆರಗು ಹಿಂಡುತ್ತ. "ಆಗ್ಲೇ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೀಬೇಕಿತ್ತು. ಗೇರಲ್ಲೇ ತಾನಾಗಿ ಉರುಳ್ಕೊಂಡು ಬರ್ತಿತ್ತು."

"ಹಾಗೆ ಉರುಳ್ತಾ ಹೋದ್ರೆ ರೋಗಿಗಳು ಹುಷಾರಾಗಿ ಮನೆಗೆ ಹೋದ್ಮೇಲೆ ಬೆಡ್‌ಶೀಟು ತಲುಪುತ್ತೆ ಮೇಡಂ."

ಈ ಸಲ ಅವಳು ನಕ್ಕೇಬಿಟ್ಟಳು.

ಆಮೇಲಿನ ದಿನಗಳು ಹೇಗೆ ಉರುಳಿದವೋ! ಎಂಜಿನ್ ಅರಚುವ ಮೊದಲೇ ಮೇಲಿನ ಗೇರಿಗೆ ಹೋಗುವುದನ್ನು ಅವನು ಕಲಿತ. ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಾದರೆ ಎಂಜಿನ್ ಆರಿಸುವುದನ್ನು ಕಲಿತ. ವ್ಯಾನಿನ ತಲೆಯ ಮೇಲೆ ಸುಮ್ಮನೆ ಗಾಳಿಗೆ ಅಡ್ಡವಾಗಿದ್ದ ಕಬ್ಬಿಣದ ಚೌಕಟ್ಟನ್ನು ತಾನೇ ಬಿಚ್ಚಿ ಕೆಳಗಿಳಿಸಿದ. ಪ್ರತಿ ಸೋಮವಾರ ಬೆಳಿಗ್ಗೆ ಟೈರು ತಣ್ಣಗಿರುವಾಗ ಅವಳು ಮಂಡಿಯೂರಿ ಗಾಳಿ ಅಳೆದರೆ, ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಅಂಕೆ ಬರೆದುಕೊಳ್ಳುವವನು ಅವನೇ.

ಎರಡು ತಿಂಗಳಲ್ಲಿ ಲೋಟದ ನೀರು ಅಲುಗುವುದನ್ನೂ ಮರೆಯಿತು. ಲೀಟರಿಗೆ ಹದಿನೈದು ಕಿಲೋಮೀಟರು... ಆರು ವ್ಯಾನುಗಳಲ್ಲಿ ಅವನದೇ ಮೇಲು.

ಒಂದು ದಿನ ರಸ್ತೆಯ ಮೇಲಿನ ಕಣ್ಣು ಕೀಳದೆಯೇ ಅವನು ಹೇಳಿದ. "ಅಮ್ಮ ಕೇಳ್ತಿದ್ರು. ಆ ಹನಿ ಮೇಡಂನ ಮನೆಗೆ ಯಾವತ್ತು ಕರ್ಕೊಂಡು ಬರ್ತೀಯ ಅಂತ."

ಅವಳು ಕಿಟಕಿಯತ್ತ ತಿರುಗಿದಳು. "ನೋಡೋಣ" ಎಂದಷ್ಟೇ ಅಂದಳು. ಆ ಒಂದು ಮಾತನ್ನು ಮುಂದೆ ಎಷ್ಟು ಸಾರಿ ನೆನೆದು ಕೊರಗಿದಳೋ, ಅವಳಿಗೇ ಗೊತ್ತಿಲ್ಲ.

ಹೀಗಿರುವಾಗ ಅವನ ಮೈಲೇಜು ಇದ್ದಕ್ಕಿದ್ದಂತೆ ಕುಸಿಯಿತು. ಹದಿನೈದು ಇದ್ದದ್ದು ಹದಿನಾಲ್ಕಕ್ಕೂ ಕೆಳಗೆ.

ಮೊದಲ ವಾರ ಅವಳು ಸುಮ್ಮನಿದ್ದಳು. ಎರಡನೆಯ ವಾರವೂ ಅದೇ. ಅಷ್ಟರಲ್ಲಿ ಉಳಿದ ಡ್ರೈವರುಗಳು ಚಹದ ಲೋಟ ಹಿಡಿದು ಗುಸುಗುಸು ಶುರುಮಾಡಿದ್ದರು. ಬಿರುಗಾಳಿಯ ತಪ್ಪು ಹನಿ ಮೇಡಂ ಕಣ್ಣಿಗೆ ಬೀಳುವುದಿಲ್ಲ, ಅವರ ಕಣ್ಣು ಅವನ ಮುಖದ ಮೇಲಲ್ಲವೇ ಇರುವುದು ಎಂದು. ಮಾತು ಅವಳ ಕಿವಿಗೂ ಬಿತ್ತು. ಮೈಯೆಲ್ಲ ಉರಿದುಹೋಯಿತು. ಬೇರೆ ಯಾರಾಗಿದ್ದರೂ ಇನ್ನೊಂದು ವಾರ ಕಾಯುತ್ತಿದ್ದಳು. ಅವನಾದದ್ದರಿಂದಲೇ ಕಾಯಲಿಲ್ಲ.

ತಪಾಸಣೆಯ ಹಾಳೆಯಲ್ಲಿ ಕಾರಣ ಬರೆಯುವ ಜಾಗದಲ್ಲಿ ಎರಡು ಪದ ಬರೆದಳು. 'ಭಾರದ ಕಾಲು.' ಆಕ್ಸಿಲರೇಟರನ್ನು ಅಗತ್ಯಕ್ಕಿಂತ ಬಲವಾಗಿ ತುಳಿಯುವವನು ಎಂದರ್ಥ.

ಆ ಕಂಪನಿಯಲ್ಲಿ ಆ ಎರಡು ಪದ ಬಿದ್ದರೆ ಸ್ಟೇರಿಂಗ್ ಕೈತಪ್ಪಿದಂತೆಯೇ. ಅಂಥವರನ್ನು ಗಂಟು ಹೊರುವ ಕೆಲಸಕ್ಕೆ ಹಾಕುತ್ತಿದ್ದರು.

ಅವನು ಹಾಳೆ ಹಿಡಿದು ಅವಳ ಮೇಜಿನ ಮುಂದೆ ನಿಂತ. ದನಿ ಏರಿಸಲಿಲ್ಲ.

"ದಿನಾ ನನ್ನ ಪಕ್ಕದಲ್ಲೇ ಕೂತು ನೋಡಿದೀರಿ. ಲೋಟ ಅಲುಗಿದ್ದು ಕಂಡ್ರಾ?"

"ಇಲ್ಲ. ಆದ್ರೆ ನಾನಿಲ್ಲದಾಗ ನೀವು ಹೇಗೆ ಓಡಿಸ್ತೀರೋ ನಂಗೇನು ಗೊತ್ತು? ಅಂಕೆ ಸುಳ್ಳು ಹೇಳಲ್ಲ."

ಅವನು ಹಾಳೆಯನ್ನೂ ಕೀಲಿಯನ್ನೂ ಸದ್ದಾಗದಂತೆ ಮೇಜಿನ ಮೇಲಿಟ್ಟು ಹೊರಟುಹೋದ. ಮಾರನೆಯ ದಿನ ವ್ಯಾನಿನಲ್ಲಿ ಅವನೂ ಇರಲಿಲ್ಲ, ಅಂಚು ನೆಗ್ಗಿದ ಅವಳ ಸ್ಟೀಲ್ ಲೋಟವೂ ಇರಲಿಲ್ಲ.

ಎರಡು ವರ್ಷ ಕಳೆಯಿತು. ಆ ವ್ಯಾನನ್ನು ಈಗ ಬೇರೊಬ್ಬ ಓಡಿಸುತ್ತಿದ್ದ. ಒಂದು ವಾರ ಅದರ ಮೈಲೇಜು ಒಮ್ಮೆಲೇ ಏರಿತು. ಅದೇ ಡ್ರೈವರು, ಅದೇ ದಾರಿ, ಅದೇ ಗಂಟುಗಳು. ಅವಳಿಗೆ ಬಗೆಹರಿಯಲಿಲ್ಲ. ಕಂಪನಿಯ ಶೆಡ್ಡಿನಲ್ಲಿ ಮೆಕ್ಯಾನಿಕ್ ಆಗಿದ್ದವನು ಅವಳ ಚಿಕ್ಕಪ್ಪನೇ. ಅವನನ್ನು ಕೇಳಿದಳು.

"ಹಿಂದಿನ ಚಕ್ರದ ಎರಡೂ ಟೈರು ಸವೆದಿದ್ವು ಕಣಮ್ಮ, ಹೊಸದು ಹಾಕ್ದೆ. ಹೋದ ಸಲ ಆ ಸೈಜು ಸಿಕ್ಕಿರ್ಲಿಲ್ಲ, ಒಂದು ಸೈಜು ದೊಡ್ಡದು ಸಿಗಿಸಿದ್ದೆ. ಈಗ ಸರಿಯಾದ್ದೇ ಸಿಕ್ತು."

"ಹೋದ ಸಲ ಅಂದ್ರೆ ಯಾವಾಗ ಚಿಕ್ಕಪ್ಪ?"

"ಆ ಬಿರುಗಾಳಿ ಕೆಲಸ ಬಿಟ್ಟನಲ್ಲ, ಅದಕ್ಕೊಂದು ಹದಿನೈದು ದಿನ ಮುಂಚೆ."

ಅವಳು ಹೋಗಿ ಸೀಮೆಸುಣ್ಣ ತಂದಳು. ಮೂಲೆಗೆ ಒರಗಿಸಿದ್ದ ಹಳೆಯ ಟೈರಿಗೊಂದು ಗೆರೆ, ಪಕ್ಕದಲ್ಲಿದ್ದ ಸರಿಯಾದ ಸೈಜಿನ ಇನ್ನೊಂದು ಹೊಸ ಟೈರಿಗೊಂದು ಗೆರೆ ಎಳೆದು, ಎರಡನ್ನೂ ಸಿಮೆಂಟು ನೆಲದ ಮೇಲೆ ಒಂದೊಂದು ಸುತ್ತು ಉರುಳಿಸಿದಳು. ಹಳೆಯ ದೊಡ್ಡದು ಹೆಚ್ಚುಕಡಿಮೆ ಒಂದು ಗೇಣು ಮುಂದೆ ಹೋಗಿ ನಿಂತಿತು.

ಒಂದು ಸುತ್ತಿಗೆ ಒಂದು ಗೇಣು! ದೂರ ತೋರಿಸುವ ಮೀಟರು ಎಣಿಸುವುದು ಚಕ್ರದ ಸುತ್ತನ್ನು, ರಸ್ತೆಯನ್ನಲ್ಲ. ಅವನು ನಿಜವಾಗಿ ಓಡಿಸಿದ ದೂರದಲ್ಲಿ ಒಂದು ಪಾಲನ್ನು ಆ ಮೀಟರು ನುಂಗಿಹಾಕಿತ್ತು. ಡೀಸೆಲ್ ಹೆಚ್ಚು ಸುಟ್ಟಿರಲಿಲ್ಲ. ಮೀಟರೇ ದೂರವನ್ನು ಕಡಿಮೆ ಬರೆದುಕೊಂಡಿತ್ತು.

ಪ್ರತಿ ಸೋಮವಾರ ಆ ಟೈರಿನ ಮುಂದೆ ಮಂಡಿಯೂರಿದ್ದಳು. ಒಳಗಿನ ಗಾಳಿಯನ್ನು ಅಳೆದಿದ್ದಳು. ಬದಿಯಲ್ಲೇ ಅಚ್ಚೊತ್ತಿದ್ದ ಸೈಜನ್ನು ಒಮ್ಮೆಯೂ ಓದಿರಲಿಲ್ಲ.

'ಕಣ್ಣೆದುರಿಗೇ ಇತ್ತಲ್ಲ...' ನೆಲದ ಮೇಲೆ ಕುಸಿದು ಕೂತವಳನ್ನು ಚಿಕ್ಕಪ್ಪ ಗಾಬರಿಯಿಂದ ನೋಡಿದ.

ಅವನು ಪಟ್ಟಣದ ಇನ್ನೊಂದು ಮಗ್ಗುಲಿನ ಡ್ರೈವಿಂಗ್ ಶಾಲೆಯಲ್ಲಿ ಕಲಿಸುತ್ತಿದ್ದಾನೆಂದು ಹುಡುಕಿ ತಿಳಿಯಲು ಒಂಬತ್ತು ದಿನ ಹಿಡಿಯಿತು. ಹತ್ತನೆಯ ದಿನ ಬೆಳಿಗ್ಗೆ, ಕಲಿಯಲು ಬಂದವಳಂತೆ ಚೀಟಿ ಬರೆಸಿ, ಆ ಸಣ್ಣ ಕಾರಿನ ಸ್ಟೇರಿಂಗಿನ ಮುಂದೆ ಕೂತು, ಎಂಜಿನ್ ಚಾಲೂ ಮಾಡಿಕೊಂಡು ಕಾದಳು.

ಎಡಗಡೆಯ ಬಾಗಿಲು ತೆರೆದು ಅವನು ಕೂತ. ಆಮೇಲಷ್ಟೇ ಅವಳನ್ನು ಕಂಡ. ಅವನ ಕಿವಿಯ ಪಕ್ಕ ನಾಲ್ಕು ಬಿಳಿ ಕೂದಲು ಇಣುಕಿದ್ದವು. ಮುಂದೆ, ಗಾಜಿನ ಕೆಳಗೆ, ಒಂದು ಸ್ಟೀಲ್ ಲೋಟ. ಅದರ ಅಂಚಿನ ಆ ನೆಗ್ಗು ಅವಳಿಗೆ ಚೆನ್ನಾಗಿ ಗೊತ್ತು.

ಅವಳು ಬ್ಯಾಗಿನಿಂದ ಹಳೆಯ ಹಾಳೆ ತೆಗೆದು ಅವನ ಕೈಗಿಟ್ಟಳು. 'ಭಾರದ ಕಾಲು' ಎಂಬುದರ ಮೇಲೆ ಗೆರೆ ಎಳೆದು ಕೆಳಗೆ ಬರೆದಿದ್ದಳು. 'ತಪ್ಪು ಟೈರಿನ ಸೈಜು. ನೋಡದೆ ಹೋದವಳು ನಾನು.'

ಅವನು ಎರಡು ಸಲ ಓದಿದ.

"ನಿಮಗೊಂದು ವಿಷ್ಯ ಗೊತ್ತಾ?" ಎಂದ ಕೊನೆಗೆ. "ಆ ಹದಿನೈದು ದಿನ ನೀವಿಲ್ಲದಾಗೆಲ್ಲ ನಾನು ಬರಿಗಾಲಲ್ಲಿ ಓಡಿಸ್ದೆ. ಕಾಲು ಇನ್ನೂ ಹಗುರ ಆಗ್ಲಿ ಅಂತ. ಆದ್ರೂ ಅಂಕೆ ಏರ್ಲಿಲ್ಲ. ನೀವು ಬರೆದಿದ್ದನ್ನ ನಾನೂ ನಂಬಿಬಿಟ್ಟೆ ಮೇಡಂ... ನನ್ನ ಕಾಲಿಗೇ ಏನೋ ಆಗಿದೆ ಅಂತ. ಅದಕ್ಕೇ ತಿರುಗಿ ಬರ್ಲಿಲ್ಲ. ಈಗ್ಲೂ ಬೇರೆಯವರ ಕೈಲಿ ಓಡಿಸ್ತೀನಿ, ನಾನು ಓಡಿಸಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆಯಲಾಗಲಿಲ್ಲ. ಕಣ್ಣೀರು ಸ್ಟೇರಿಂಗಿನ ಮೇಲೆ ಬಿತ್ತು.

"ಅಮ್ಮ ಹೇಗಿದ್ದಾರೆ?" ಎಂದಳು, ಬೇರೇನೂ ತೋಚದೆ.

"ಹೋದ ವರ್ಷ ಹೋದ್ರು. ಕೊನೇವರೆಗೂ ಕೇಳ್ತಿದ್ರು. ನೋಡೋಣ ಅಂದಿದ್ದಾರಮ್ಮ, ಅಂತಿದ್ದೆ."

ಹೋದವರನ್ನು ಕರೆತರಲಾಗದು, ಹೋದ ಎರಡು ವರ್ಷವನ್ನೂ. ಅಷ್ಟೂ ದಿನ ಎದೆಯಲ್ಲಿ ಕಟ್ಟಿಟ್ಟದ್ದನ್ನು ಅವಳು ಒಂದೇ ಉಸಿರಿಗೆ ಹೇಳಿದಳು.

"ಜನ ಏನಂತಾರೋ ಅಂತ ಹೆದರಿ ಹಾಗೆ ಬರೆದೆ. ನಿಮ್ಮ ಮೇಲೆ ಮನಸ್ಸಿತ್ತು, ಅದಕ್ಕೇ ಹೆದರಿದ್ದು. ಈಗ್ಲೂ ಇದೆ. ಕ್ಷಮಿಸಿ ಅಂತ ಕೇಳೋ ಮುಖ ನಂಗಿಲ್ಲ."

ಅವನು ಲೋಟದ ಕಡೆ ನೋಡಿದ. ನೀರಿನ ಮೇಲೆ ಸಣ್ಣ ಸಣ್ಣ ಬಳೆಯಂಥ ಅಲೆಗಳು ನಡುಗುತ್ತಿದ್ದವು.

"ಹನಿ ಮೇಡಂ."

"ಹೂಂ?"

"ಎಂಜಿನ್ ಓಡ್ತಾನೇ ಇದೆ. ಅರ್ಧ ನಿಮಿಷದ ಮೇಲೆ ನಿಲ್ಲೋದಿದ್ರೆ ಆರಿಸ್ಬೇಕು ಅಂತ ಕಲಿಸಿದ್ದು ಯಾರು?"

ಅವಳು ಕಣ್ಣೊರೆಸಿಕೊಂಡು ಕೀಲಿಗೆ ಕೈಹಾಕಿದಳು. ತಿರುಗಿಸಲು ಭಯವಾಯಿತು.

"ಎಷ್ಟು ಹೊತ್ತು ನಿಲ್ತೀವಿ?"

"ನೋಡೋಣ" ಎಂದ ಅವನು. ಅವಳ ಮುಖ ಬಾಡಿದ್ದು ಕಂಡು, ಕೀಲಿಯ ಮೇಲಿದ್ದ ಆ ಕೈಯ ಮೇಲೆ ತನ್ನ ಕೈಯಿಟ್ಟ. "ಅಲ್ಲ... ಆ ಮಾತು ಬೇಡ. ನೀವು ಹೇಳೋವರೆಗೂ ನಿಲ್ತೀನಿ. ಆಮೇಲೆ ಮನೆವರೆಗೆ ನಾನೇ ಓಡಿಸ್ತೀನಿ."

ಎಂಜಿನ್ ಆರಿತು. ಲೋಟದ ನೀರು ನಿಧಾನವಾಗಿ ತಿಳಿಯಾಯಿತು.