ಬಿಸಿಲಿಗೆ ಬಾಡದ ಲಸಿಕೆ

"ಯಾರ್ರೀ ಇದನ್ನ ಓವನ್ ಒಳಗೆ ಇಟ್ಟಿದ್ದು?"

ದನಿ ಕೇಳಿ ಸಂಶೋಧಕಿ ತಿರುಗುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಧೂಳು ಮೆತ್ತಿದ ಬೂಟಿನ ಎತ್ತರದ ಮನುಷ್ಯನೊಬ್ಬ ಲ್ಯಾಬಿನ ಓವನ್ ಬಾಗಿಲು ತೆಗೆದು, ಒಳಗಿದ್ದ ಲಸಿಕೆಯ ಪುಟ್ಟ ಬಾಟಲಿಗಳನ್ನು ಟ್ರೇ ಸಮೇತ ಪಕ್ಕದ ಫ್ರಿಜ್‌ಗೆ ಸೇರಿಸಿಬಿಟ್ಟಿದ್ದ. ಬಾವಿಗೆ ಬಿದ್ದ ಮಗುವನ್ನು ಮೇಲೆತ್ತಿದವನ ಗತ್ತು ಮುಖದಲ್ಲಿ.

"ನಾನೇ ಇಟ್ಟಿದ್ದು," ಎಂದಳು.

"ಬಿಸಿ ತಾಗಿದ್ರೆ ಲಸಿಕೆ ಸತ್ತುಹೋಗುತ್ತೆ ಅಂತ ಗೊತ್ತಿಲ್ವಾ ನಿಮಗೆ?"

"ಸಾಯುತ್ತಾ, ಬದುಕುತ್ತಾ ಅಂತ ನೋಡೋದೇ ನನ್ನ ಕೆಲಸ. ವಾರದಿಂದ ಕಾಯ್ತಾ ಇದ್ದೆ. ಈಗ ಮತ್ತೆ ಮೊದಲಿಂದ ಶುರು ಮಾಡ್ಬೇಕು."

ಅವನ ಕಿವಿ ಎರಡೂ ಕೆಂಪಾದವು. ಕುರಿಗಳ ಲಸಿಕೆ ಒಯ್ಯಲು ಬಂದ ಪಶುವೈದ್ಯ ಅವನು. ಸ್ಟೋರ್‌ಗೆ ಹೋಗಬೇಕಾದವನು ಕಾರಿಡಾರ್‌ನಲ್ಲಿ ದಾರಿ ತಪ್ಪಿ ಅವಳ ಕೋಣೆಗೆ ನುಗ್ಗಿದ್ದ. ಬಂದ ದಾರಿಯಲ್ಲೇ ಹೊರಟುಹೋದ.

ಮರುದಿನ ಬೆಳಿಗ್ಗೆ ಕ್ಷಮೆ ಕೇಳಲು ಬಂದಾಗ ಓವನ್ ಮೇಲೆ ಹೊಸ ಚೀಟಿಯೊಂದು ಅಂಟಿತ್ತು: 'ಪಶುವೈದ್ಯರು ಮುಟ್ಟಬಾರದು.'

ಅವನು ಅದನ್ನು ಎರಡು ಸಲ ಓದಿದ. "ಮಿಕ್ಕವರು ಮುಟ್ಟಬಹುದಾ?"

"ಮಿಕ್ಕವರಿಗೆ ಬುದ್ಧಿ ಇದೆ."

ಹಾಗೆನ್ನುವಾಗ ಅವಳು ತಲೆ ಎತ್ತಲಿಲ್ಲ. ಆದರೆ ತುಟಿಯ ಒಂದು ತುದಿ ಮಾತು ಕೇಳದೆ ಮೇಲಕ್ಕೆ ಹೋಯಿತು. ಅವನು ಅದನ್ನು ನೋಡಿಬಿಟ್ಟ. ಕೇಳದೆಯೇ ಸ್ಟೂಲ್ ಎಳೆದುಕೊಂಡು ಕೂತ.

ಅವನ ಕುರಿಗಳಿರುವುದು ದೂರದ ಹುಲ್ಲುಗಾವಲಿನಲ್ಲಿ. ಅಲ್ಲಿಗೆ ಕರೆಂಟಿಲ್ಲ, ಸರಿಯಾದ ರಸ್ತೆಯಿಲ್ಲ. ಹೋಗುವಷ್ಟರಲ್ಲಿ ಐಸ್ ಕರಗಿ ನೀರಾಗುತ್ತಿತ್ತು. ಕಳೆದ ಬೇಸಿಗೆಯಲ್ಲಿ ಹಾಗೆ ಕೆಟ್ಟ ಲಸಿಕೆಯನ್ನು ಗೊತ್ತಿಲ್ಲದೆ ಚುಚ್ಚಿದ್ದ. ರೋಗ ಬಂದಾಗ ಮರಿಗಳು ಸಾಲಾಗಿ ಸತ್ತವು. ಸತ್ತ ಮರಿಗಳಲ್ಲಿ ಹೆಚ್ಚಿನವು ಅವನ ಚಿಕ್ಕಪ್ಪನವೇ.

"ಚಿಕ್ಕಪ್ಪ ಬಯ್ಯಲಿಲ್ಲ," ಎಂದ. "ಬೈದಿದ್ರೆ ಚೆನ್ನಾಗಿರ್ತಿತ್ತು."

ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಮೊದಲ ಬಾರಿಗೆ ಅವನನ್ನು ನೇರವಾಗಿ ನೋಡಿದಳು. ನಿನ್ನೆ ಆ ಬಾಟಲಿಗಳನ್ನು ಅವನು ಯಾಕೆ ಹಾಗೆ ಬಾಚಿಕೊಂಡ ಎಂದು ಈಗ ಅರ್ಥವಾಯಿತು.

"ಬೆಂದ ಮೊಟ್ಟೆನ ಮತ್ತೆ ಹಸಿ ಮಾಡೋಕಾಗಲ್ಲ, ಅಲ್ವಾ? ಲಸಿಕೆಗೂ ಹಾಗೇ ಆಗುತ್ತೆ. ಬಿಸಿಗೆ ಅದರ ಪ್ರೋಟೀನ್ ತನ್ನ ಆಕಾರನೇ ಬಿಟ್ಟುಕೊಡುತ್ತೆ," ಎಂದು ಅವಳು ಕುರ್ಚಿ ಹತ್ತಿರ ಎಳೆದುಕೊಂಡಳು. "ನಾನು ಒಂದು ಥರದ ಸಕ್ಕರೆ ಸೇರಿಸಿ ಒಣಗಿಸಿದ್ದೀನಿ. ಅದು ಗಾಜಿನ ಹಾಗೆ ಗಟ್ಟಿಯಾಗಿ ಸುತ್ತ ಕೂತ್ಕೊಳ್ಳುತ್ತೆ, ಒಳಗಿರೋದು ಅಲುಗಾಡೋಕೇ ಬಿಡಲ್ಲ. ಬಿಸಿ ಬಂದ್ರೂ ಆಕಾರ ಕೆಡಲ್ಲ."

ಹೇಳುತ್ತ ಹೇಳುತ್ತ ಅವಳ ಕೈಗಳೂ ಮಾತಾಡತೊಡಗಿದವು. ಸಕ್ಕರೆಯ ವಿಷಯವನ್ನು ಕಿವಿಯಿಂದ ಕೇಳುತ್ತಿದ್ದನೋ, ಕಣ್ಣಿನಿಂದ ಕೇಳುತ್ತಿದ್ದನೋ, ಅವನಿಗೇ ತಿಳಿಯಲಿಲ್ಲ.

"ಅರ್ಥ ಆಯ್ತಾ ಡಾಕ್ಟ್ರೇ?"

"ಇನ್ನೊಂದ್ಸಲ ಹೇಳಿ ಮೇಡಂ."

ಮತ್ತೆ ಓವನ್ ಶುರುವಾಯಿತು. ಈ ಬಾರಿ ಯಾರೂ ಮುಟ್ಟಲಿಲ್ಲ. ಆದರೆ ಪಶುವೈದ್ಯನಿಗೆ ಲ್ಯಾಬಿನ ಕಡೆ ಬರುವ ಕೆಲಸ ಇದ್ದಕ್ಕಿದ್ದಂತೆ ಹೆಚ್ಚಾಯಿತು. ಸಿರಿಂಜ್ ಬೇಕು ಎಂದು ಒಮ್ಮೆ ಬಂದ, ಸಿರಿಂಜ್ ಹೆಚ್ಚಾಯಿತು ಎಂದು ಇನ್ನೊಮ್ಮೆ ಬಂದ. ಫೋನಿನಲ್ಲಿ ಇದನ್ನೆಲ್ಲ ಕೇಳಿದ ಅವಳ ಅಕ್ಕ, "ಅವನಿಗೆ ಕುರಿ ನೋಡ್ಕೊಳ್ಳೋಕೆ ಪುರುಸೊತ್ತು ಯಾವಾಗ?" ಎಂದು ನಕ್ಕಳು.

ಲ್ಯಾಬಿನಲ್ಲಿ ಲಸಿಕೆ ಗೆದ್ದಿತು. ಇನ್ನು ಹೊರಗಿನ ಬಿಸಿಲಿನಲ್ಲಿ ಗೆಲ್ಲಬೇಕಿತ್ತು. ಕುರಿಗಳ ಮೇಲೆ ಪ್ರಯೋಗ ಮಾಡುವ ಅನುಮತಿ ಪತ್ರ ಕೈಗೆ ಕೊಡುವಾಗ ಲ್ಯಾಬಿನ ಮುಖ್ಯಸ್ಥೆ ಮುಚ್ಚುಮರೆ ಮಾಡಲಿಲ್ಲ: ಈ ಪ್ರಯೋಗ ಕೈಕೊಟ್ಟರೆ ಯೋಜನೆ ಅಲ್ಲಿಗೇ ನಿಲ್ಲುತ್ತದೆ, ಅವಳು ಬೇರೆ ವಿಭಾಗಕ್ಕೆ ಹೋಗಬೇಕಾಗುತ್ತದೆ. ಅತ್ತ ಅವನು ಚಿಕ್ಕಪ್ಪನ ಕೈಕಾಲು ಹಿಡಿದು ಪ್ರಯೋಗಕ್ಕೆ ಕುರಿಗಳನ್ನು ಕೊಡಲು ಒಪ್ಪಿಸಿದ್ದ. "ಈ ಸಲವೂ ಹಂಗೇ ಆದ್ರೆ ನನ್ನ ದೊಡ್ಡಿ ಕಡೆ ತಲೆ ಹಾಕ್ಬೇಡ," ಎಂದಿದ್ದರಂತೆ ಅವರು.

ಐಸಿಲ್ಲದೆ, ಜೀಪಿನ ಕಾದ ತಗಡಿನ ಪೆಟ್ಟಿಗೆಯಲ್ಲಿ ಲಸಿಕೆ ದಿನಗಟ್ಟಲೆ ಸುತ್ತಾಡಿತು. ಚುಚ್ಚುವ ದಿನ ಅವಳೂ ಹೋದಳು. ಮೊದಲ ಕುರಿಯೇ ಅವಳನ್ನು ಸೊಂಟದವರೆಗಿನ ಹುಲ್ಲಿನಲ್ಲಿ ಎಳೆದುಕೊಂಡು ಹೋಯಿತು.

"ಬಿಟ್ಬಿಡಿ ಮೇಡಂ, ಬಿಟ್ಬಿಡಿ."

"ಬಿಡಲ್ಲ," ಎಂದು ಅವಳು ಉಣ್ಣೆ ಹಿಡಿದೇ ಓಡಿದಳು.

ಅವನು ಅಡ್ಡ ಬಂದು ಕುರಿಯ ಕೊರಳು ತಬ್ಬಿದ. ಒಂದು ಕುರಿ, ಎರಡೂ ಬದಿಯಲ್ಲಿ ಇಬ್ಬರು. ಅವಳ ಕೆನ್ನೆಗೆ ಹುಲ್ಲಿನ ಎಸಳೊಂದು ಅಂಟಿತ್ತು. ಅದನ್ನು ತೆಗೆಯಲು ಅವನ ಬೆರಳು ಅರ್ಧ ದಾರಿ ಬಂದು, ಹೆದರಿ, ಕುರಿಯ ಕಿವಿ ಸವರಿತು. ಅವಳು ನೋಡಿದಳು. ಎಸಳನ್ನು ತಾನಾಗಿ ತೆಗೆಯಲಿಲ್ಲ. ಸಂಜೆ ಮನೆಯ ಕನ್ನಡಿಯೆದುರು ನಿಂತಾಗಲೂ ಅದು ಅಲ್ಲೇ ಇತ್ತು.

ಕೆಲವು ವಾರಗಳ ಬಳಿಕ ಕುರಿಗಳ ರಕ್ತದ ಮಾದರಿಗಳು ಲ್ಯಾಬಿಗೆ ಬಂದವು. ಸಾಲುಸಾಲು ಪುಟ್ಟ ಗುಳಿಗಳಿರುವ ತಟ್ಟೆಯಲ್ಲಿ ಅವನ್ನು ಪರೀಕ್ಷಿಸಬೇಕು. ಕುರಿಗೆ ರೋಗ ತಡೆಯುವ ಶಕ್ತಿ ಬಂದಿದ್ದರೆ ಅದರ ಗುಳಿ ನೀಲಿಯಾಗುತ್ತದೆ. ಬಂದಿರದಿದ್ದರೆ ನೀರಿನಂತೆ ಉಳಿಯುತ್ತದೆ.

ಅವನನ್ನು ಒಳಗೆ ಬಿಡುವಂತಿರಲಿಲ್ಲ. ಗಾಜಿನ ಗೋಡೆಯ ಆಚೆ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಗುಂಡಿ ಮಾತ್ರ ಮೇಲೆ ಕೆಳಗೆ. ಮಾಸ್ಕ್ ಹಾಕಿಕೊಂಡ ಅವಳು ಕೊನೆಯ ದ್ರವ ಹನಿಸಿ, ಕೈ ಕಟ್ಟಿ ನಿಂತಳು.

ಮೊದಲಿಗೆ ಏನೂ ಇಲ್ಲ. ಆಮೇಲೆ ಒಂದು ಗುಳಿಯ ತಳದಲ್ಲಿ ತೆಳು ನೀಲಿ. ಭ್ರಮೆಯಿರಬೇಕು ಎಂದುಕೊಂಡಳು. ಪಕ್ಕದ್ದೂ ನೀಲಿಯಾಯಿತು. ಮತ್ತೊಂದು. ನೋಡನೋಡುತ್ತ ಸಾಲಿಗೆ ಸಾಲೇ ನೀಲಿಯಾಯಿತು. ಹೋಲಿಸಿ ನೋಡಲೆಂದು ಲಸಿಕೆ ಹಾಕದೆ ಬಿಟ್ಟ ಕುರಿಗಳ ಸಾಲು ಮಾತ್ರ ನೀರಾಗಿಯೇ ಉಳಿಯಿತು. ಅವಳು ಸ್ಟೂಲ್ ಮೇಲೆ ಕೂತು, ಮುಖ ತಗ್ಗಿಸಿ ಅತ್ತುಬಿಟ್ಟಳು.

ಗಾಜಿನಾಚೆಯಿಂದ ಅವನಿಗೆ ಕಂಡದ್ದು ಆ ಅಳು ಮಾತ್ರ. ಮಾಸ್ಕ್ ತೆಗೆದು ಅವಳು ಹೊರಗೆ ಬಂದಾಗ ಅವನ ಮುಖ ಬಿಳಿಚಿತ್ತು. ಅವಳಿಗೆ ಬಾಯಿ ತೆರೆಯಲೂ ಬಿಡಲಿಲ್ಲ.

"ಹೋಗ್ಲಿ ಬಿಡು. ಅಳಬೇಡ. ನಿನ್ನನ್ನ ಯಾವ ವಿಭಾಗಕ್ಕೆ ಹಾಕಿದ್ರೂ ನಾನು ಅಲ್ಲಿಗೇ ಬರ್ತೀನಿ. ಚಿಕ್ಕಪ್ಪ ಬರಬೇಡ ಅಂದ್ರೆ ಬೇರೆಯವರ ದೊಡ್ಡಿ ಬಾಗಿಲಲ್ಲಿ ಹೋಗಿ ಕೂರ್ತೀನಿ. ಮತ್ತೆ ಮಾಡೋಣ. ನೂರು ಸಲ ಸೋತ್ರೂ ಮಾಡೋಣ. ನಾನಂತೂ ನಿನ್ನ ಬಿಟ್ಟು ಎಲ್ಲೂ ಹೋಗಲ್ಲ."

ಇಲ್ಲಿಯವರೆಗೆ 'ಮೇಡಂ' ಎಂದವನು, 'ನೀವು' ಎಂದವನು, ಈಗ ಅರಿವಿಲ್ಲದೆ 'ನೀನು' ಎಂದಿದ್ದ. ಅವಳು ಆ ಮಾತನ್ನು ಪೂರ್ತಿ ಮುಗಿಯಗೊಟ್ಟಳು. ಒಂದಕ್ಷರವೂ ಕಳೆದುಹೋಗುವುದು ಅವಳಿಗೆ ಬೇಡವಾಗಿತ್ತು.

"ಸೋತಿಲ್ಲ," ಎಂದಳು ಆಮೇಲೆ ಮೆಲ್ಲಗೆ. "ಲಸಿಕೆ ಹಾಕಿದ್ದೆಲ್ಲಾ ನೀಲಿ ಆಗಿದೆ."

ಅವನು ಗಾಜಿಗೆ ಹಣೆ ಹಚ್ಚಿ ಇಣುಕಿದ. ತಿರುಗಿದಾಗ ಕಿವಿಗಳು ಕೆಂಪು, ಕಣ್ಣೂ ಕೆಂಪು. "ಹಾಗಾದ್ರೆ... ಈಗ ಹೇಳಿದ್ದನ್ನ ವಾಪಸ್ ತಗೋಬೇಕಾ?"

"ತಗೊಂಡು ನೋಡು."

ಅವಳೇ ಅವನ ಕೈ ಹಿಡಿದಳು. ಕಾರಿಡಾರ್‌ನಲ್ಲಿ ಯಾರೋ ಟ್ರಾಲಿ ತಳ್ಳಿಕೊಂಡು ಬಂದು, ಇಬ್ಬರನ್ನೂ ನೋಡಿ, ಸದ್ದಿಲ್ಲದೆ ಹಿಂದಕ್ಕೆ ಹೋದರು.

ಇನ್ನೊಂದು ಕೈಯಲ್ಲಿ ಅವನು ಫೋನ್ ಮಾಡಿದ. ಸ್ಪೀಕರ್‌ನಲ್ಲಿ ಮೊದಲು ಕುರಿಗಳ ಸದ್ದು, ಆಮೇಲೆ ಚಿಕ್ಕಪ್ಪ.

"ಚಿಕ್ಕಪ್ಪ, ಲಸಿಕೆ ಹಿಡಿದಿದೆ. ಹಾಕಿದ್ದಕ್ಕೆಲ್ಲಾ ಹಿಡಿದಿದೆ."

ಆ ಕಡೆ ಮುದುಕ ಮೂಗು ಎಳೆದುಕೊಂಡದ್ದು ಕೇಳಿಸಿತು. ಬಳಿಕ ಅವರು, "ಕುರಿ ವಿಷಯ ಆಯ್ತು. ಆ ಹುಡುಗಿ ಏನಂದ್ಲು?" ಎಂದರು.

ಅವನು ಗಾಬರಿಯಿಂದ ಸ್ಪೀಕರ್ ಆರಿಸಲು ಹೋದ. ಅವಳು ಫೋನನ್ನು ಅವನ ಕೈಯಿಂದ ಕಸಿದುಕೊಂಡು ಬಾಯಿಯ ಹತ್ತಿರ ಹಿಡಿದಳು.

"ಹೂಂ ಅಂದಿದ್ದಾಳೆ, ಚಿಕ್ಕಪ್ಪ."