ಕೂಡುಮನೆ ಕೇಳಿಸಿಕೊಂಡ ‘ನೋಡೋಣ’

ಚಿತ್ರದುರ್ಗದ ವಾಯುಜಲ ಸಂಸ್ಥೆಯ ಸಭಾಂಗಣದಲ್ಲಿ ಈಗ ಯಾರೂ ಟಿಪ್ಪಣಿ ಬರೆಯುತ್ತಿರಲಿಲ್ಲ. ಹನ್ನೆರಡು ಮಂದಿ ಸುಮ್ಮನೆ ಮಾತಾಡುತ್ತಿದ್ದರು. ಗೋಡೆಯ ಪರದೆಯ ಮೇಲಿನ ‘ಕೂಡುಮನೆ’ ಎಂಬ ತಂತ್ರಾಂಶ ಕೇಳಿಸಿಕೊಳ್ಳುತ್ತಿತ್ತು. ಮಾತಿನ ನಡುವಿನಿಂದ ಕೆಲಸಗಳನ್ನು ಹೆಕ್ಕಿ, ಯಾವುದು ಯಾರ ಪಾಲಿಗೆ, ಎಂದಿಗೆ ಮುಗಿಯಬೇಕು, ಯಾರ ಒಪ್ಪಿಗೆ ಸಿಕ್ಕಿದೆ ಎಂಬುದನ್ನೆಲ್ಲ ತಾನೇ ದಾಖಲಿಸುತ್ತಿತ್ತು. ಅದರ ಮಿದುಳು ಈ ಕಟ್ಟಡದಲ್ಲಿರಲಿಲ್ಲ. ಅದು ಮೋಡಗಣಕ, ಅಂದರೆ ಎಲ್ಲೋ ದೂರದ ಸಾವಿರಾರು ಗಣಕಗಳಲ್ಲಿ ಹಂಚಿಹೋದ ಬುದ್ಧಿ. ಗಾಳಿಯಿಂದ ನೀರು ಹಿಂಡುವ ಗೋಪುರಗಳನ್ನು ಕಟ್ಟುವ ಈ ಸಂಸ್ಥೆ ಅಂಥ ಮೂರು ತಂತ್ರಾಂಶಗಳನ್ನು ತಲಾ ನಾಲ್ಕು ತಿಂಗಳು ಬಳಸಿ ನೋಡಿತ್ತು. ಯಾವುದನ್ನು ಉಳಿಸಿಕೊಳ್ಳಬೇಕೆಂದು ವರದಿ ಕೊಡುವ ಹೊಣೆ ಹಿರಿಯ ಎಂಜಿನಿಯರ್ ಪಾಲಾಕ್ಷಪ್ಪನವರದು.

ಮೊದಲೆರಡರ ಬಗ್ಗೆ ಬರೆಯುವುದು ಸುಲಭವಾಗಿತ್ತು. ಒಂದು, ಗಳಿಗೆಗೊಮ್ಮೆ ಗಂಟೆ ಬಾರಿಸಿ ಎಲ್ಲರ ತಲೆ ತಿಂದಿತ್ತು. ಇನ್ನೊಂದಕ್ಕೆ ಬೇಕಾದ ವಿವರಗಳನ್ನು ತುಂಬುತ್ತ ಕೂತರೆ ಕೆಲಸ ಮಾಡಲು ಹೊತ್ತೇ ಉಳಿಯುತ್ತಿರಲಿಲ್ಲ. ಕೂಡುಮನೆಯೇ ಮೇಲೆಂಬುದು ಕಣ್ಣಿದ್ದವರಿಗೆಲ್ಲ ಕಾಣುತ್ತಿತ್ತು. ಪಾಲಾಕ್ಷಪ್ಪನವರಿಗೂ ಕಾಣುತ್ತಿತ್ತು, ಅದೇ ಅವರ ಸಂಕಟ. ಹೆಚ್ಚು ಕೆಲಸ ಮುಗಿಸಿದವರ ಕೂಡುಮನೆಯ ಪಟ್ಟಿಯ ಮೇಲ್ತುದಿಯಲ್ಲಿ ದಿನಾ ಬೆಳಿಗ್ಗೆ ಹಂಸವೇಣಿಯ ಹೆಸರಿರುತ್ತಿತ್ತು.

ಹಂಸವೇಣಿ ಕೆಲಸಕ್ಕೆ ಸೇರಿ ಎರಡು ವರ್ಷ ತುಂಬಿರಲಿಲ್ಲ. ಪಾಲಾಕ್ಷಪ್ಪ ಇಪ್ಪತ್ತಾರು ವರ್ಷ ಅಲ್ಲಿ ಚಪ್ಪಲಿ ಸವೆಸಿದವರು. ಜೋಗಿಮಟ್ಟಿ ಬೆಟ್ಟದ ಹೊಸ ಗೋಪುರಕ್ಕೆ ಈ ತಿಂಗಳೇ ಮುಖ್ಯಸ್ಥರನ್ನು ಆರಿಸಬೇಕಿತ್ತು, ನಿರ್ದೇಶಕರು ಆಗಲೇ ಎರಡು ಸಲ ಅವಳ ಹೆಸರೆತ್ತಿದ್ದರು. ಅವಳ ಮಾತಿಗೆ ನಾಲ್ಕು ಜನ ತಲೆಯಾಡಿಸಿದರೆ, ಕ್ಯಾಂಟೀನಿನಲ್ಲಿ ಅವಳ ಮೇಜಿಗೆ ಒಂದು ಕುರ್ಚಿ ಹೆಚ್ಚಾದರೆ ಸಾಕು, ಇವರ ಹೊಟ್ಟೆಯಲ್ಲಿ ಕೆಂಡ ಸುರಿದಂತಾಗುತ್ತಿತ್ತು. ಹೊಟ್ಟೆಕಿಚ್ಚು ಎಂಬ ಪದ ಕಟ್ಟಿದವರು ಅನುಭವಸ್ಥರೇ ಇರಬೇಕು. ಆದರೆ ಪಾಲಾಕ್ಷಪ್ಪ ಜಗಳವಾಡುವವರಲ್ಲ. ಅವಳು ಹೊಸದೇನನ್ನಾದರೂ ಮುಂದಿಟ್ಟಾಗ ಮೆಲ್ಲಗೆ “ನೋಡೋಣ” ಎನ್ನುತ್ತಿದ್ದರು, ಅಷ್ಟೇ. ಹಿರಿಯರು ನೋಡೋಣ ಎಂದರೆ ಆ ವಿಷಯಕ್ಕೆ ಎಳ್ಳುನೀರು ಬಿಟ್ಟಂತೆ ಎಂಬುದು ಆ ಕಚೇರಿಯ ಪ್ರತಿಯೊಬ್ಬರಿಗೂ ಗೊತ್ತಿತ್ತು.

ಆದರೂ ಅವಳ ಕೆಲಸಗಳು ನಿಲ್ಲುತ್ತಿರಲಿಲ್ಲ. ಅದು ಹೇಗೆಂದು ತಿಳಿದದ್ದು ವರದಿ ಕೊಡುವ ದಿನ. ಅಲ್ಲಿಯವರೆಗೆ ಅವಳ ಹೆಸರಿನ ಮೇಲೆ ಬೆರಳಿಡಲೂ ಮನಸ್ಸಾಗದೆ, ವಿವರದ ಪುಟಗಳನ್ನು ಅವರು ತೆರೆದೇ ಇರಲಿಲ್ಲ. ಈಗ ತೆರೆದರೆ, ಅವಳ ನಲವತ್ತೊಂದು ಕೆಲಸಗಳ ಕೆಳಗೂ, ಹಿರಿಯರೊಬ್ಬರ ಒಪ್ಪಿಗೆ ಬೇಕಾದ ಜಾಗದಲ್ಲಿ, ಒಂದೇ ಸಾಲು: ‘ಬೆಂಬಲ: ಪಾಲಾಕ್ಷಪ್ಪ.’

ಕೂಡುಮನೆಗೆ ಕನ್ನಡ ಕಲಿಸಿದ ವಿಜ್ಞಾನಿ ಡಾ. ಎಡ್ವಿನ್ ಪಿಂಟೊ ಮಂಗಳೂರಿನವರು. ಕರೆ ಮಾಡಿದ ಕೂಡಲೇ ಪರದೆಯ ಮೇಲೆ ಬಂದು ವಿವರಿಸಿದರು. ಯಂತ್ರದೊಳಗೊಂದು ಸಮ್ಮತಿಮಾಪಕವಿದೆ; ಅದು ಮಾತಿನ ವ್ಯಾಕರಣವನ್ನೂ ಧ್ವನಿಯನ್ನೂ ತೂಗಿ, ಹೇಳಿದವರಿಗೆ ಒಪ್ಪಿಗೆಯಿದೆಯೇ ಇಲ್ಲವೇ ಎಂದು ತೀರ್ಮಾನಿಸುತ್ತದೆ. ಧ್ವನಿ ಮೆತ್ತಗಿದ್ದರೆ ಸಿಟ್ಟಿಲ್ಲವೆಂದೇ ಅದರ ಲೆಕ್ಕ.

“ಹೋಗೋಣ, ಮಾಡೋಣ, ನೋಡೋಣ, ಎಲ್ಲದರಲ್ಲೂ ನಾವಿಬ್ಬರೂ ಸೇರಿ ಅಂತ ಉಂಟಲ್ವಾ ಮಾರಾಯ್ರೆ? ಹಾಗೆ ಅದು ನಿಮ್ಮನ್ನು ಪಾಲುದಾರರು ಅಂತ ಬರೆದುಕೊಂಡಿದೆ,” ಎಂದರು ಪಿಂಟೊ.

ಪಾಲಾಕ್ಷಪ್ಪನವರ ಎದೆ ಹಗುರಾಯಿತು. ಈ ದೋಷವನ್ನು ವರದಿಯಲ್ಲಿ ಹಾಕಿದರೆ ಮುಗಿಯಿತು. ಅವಳ ಕೆಲಸಗಳೆಲ್ಲ ಒಪ್ಪಿಗೆಯಿಲ್ಲದೆ ನಡೆದವು ಎಂದಾಗುತ್ತದೆ, ಜೋಗಿಮಟ್ಟಿ ತಮ್ಮದಾಗುತ್ತದೆ. ಹೇಳದೆ ಬರೆಯುವುದು ಸರಿಯಲ್ಲ ಎಂದುಕೊಂಡು ಹಂಸವೇಣಿಯನ್ನು ಕೋಣೆಗೆ ಕರೆಸಿದರು. ನಿಜ ಹೇಳಬೇಕೆಂದರೆ, ಅವಳ ಮುಖ ಬಾಡುವುದನ್ನು ಅವರು ಕಣ್ಣಾರೆ ನೋಡಬೇಕಿತ್ತು.

“ನಿನ್ನ ನಲವತ್ತೊಂದು ಕೆಲಸಕ್ಕೂ ನಾನು ನೋಡೋಣ ಅಂದಿದ್ದು ಬೇಡ ಅಂತ ಕಣಮ್ಮ. ಯಂತ್ರಕ್ಕೆ ತಿಳೀಲಿಲ್ಲ.”

“ನನಗೆ ತಿಳಿದಿತ್ತು ಸಾರ್,” ಎಂದಳು ಹಂಸವೇಣಿ. “ನಾನೂ ಇದೇ ಸೀಮೆಯವಳು, ಹಿರಿಯೂರಿನವಳು. ನಮ್ಮಪ್ಪನೂ ಹಿಂಗೇ ನೋಡೋಣ ಅಂತಿದ್ರು. ಯಂತ್ರ ಒಪ್ಪಿಗೆ ಅಂತ ಬರ್ಕೊಂತು, ನಾನು ಸುಮ್ನಾದೆ. ಅದು ನನ್ನ ತಪ್ಪು, ಅದನ್ನೂ ಬರೀರಿ.”

ಪಾಲಾಕ್ಷಪ್ಪನವರಿಗೆ ಮೈಯೆಲ್ಲ ಉರಿಯಿತು. ತಮಗೆ ನಾಲ್ಕು ತಿಂಗಳಾದರೂ ಕಾಣದ್ದು ಇವಳಿಗೆ ಮೊದಲ ದಿನವೇ ಕಂಡಿತ್ತು. ಇದರಲ್ಲೂ ಇವಳೇ ಮುಂದೆ.

“ಒಂದು ಕೇಳ್ತೀನಿ ಸಾರ್. ಮೂರನೇ ಗೋಪುರಕ್ಕೆ ನಾನು ಹಾಕಿಸಿದ್ದ ನೀರು ಹಿಡಿಯೋ ಬಲೆ ಹರಿದು ಫಿಟ್ಟರ್ ಓಬಣ್ಣ ಬಿದ್ದು ಕೈ ಮುರ್ಕೊಂಡ್ರಲ್ಲ. ಆ ಬಲೆ ಅಲ್ಲಿನ ಗಾಳಿಗೆ ತಡೆಯಲ್ಲ ಅಂತ ನಿಮಗೆ ಗೊತ್ತಿತ್ತಾ?”

ಗೊತ್ತಿತ್ತು. ಅಂದು ಅವಳು ನಕ್ಷೆ ಬಿಡಿಸಿದಾಗಲೇ ಅವರು ಮನಸ್ಸಿನಲ್ಲಿ ಗಾಳಿಯ ಒತ್ತಡವನ್ನು ಕೂಡಿ ಕಳೆದು ನೋಡಿದ್ದರು. ಬಾಯಿಬಿಟ್ಟಿದ್ದರೆ ಅವಳು ತಿದ್ದಿಕೊಂಡುಬಿಡುತ್ತಿದ್ದಳು. ಅವಳು ಮುಗ್ಗರಿಸಲಿ ಎಂದು ಕಾದಿದ್ದರು, ಬಿದ್ದವನು ಓಬಣ್ಣ.

“ಗೊತ್ತಿತ್ತು,” ಎಂದರು. ಹಂಸವೇಣಿ ಎದ್ದುಹೋದಳು.

ಸಂಜೆಯೊಳಗೆ ಪಾಲಾಕ್ಷಪ್ಪ ವರದಿ ಮುಗಿಸಿದರು. ಕೂಡುಮನೆಯನ್ನೇ ಕೊಳ್ಳುವುದೆಂದು ಶಿಫಾರಸು ಮಾಡಿದರು. ದೋಷದ ಜಾಗದಲ್ಲಿ ತಮ್ಮ ನೋಡೋಣದ ಅರ್ಥವನ್ನು ಬರೆದರು, ಬಲೆಯ ವಿಷಯ ತಮಗೆ ಮೊದಲೇ ತಿಳಿದಿತ್ತೆಂಬುದನ್ನೂ ಬರೆದರು. ಅವಳು ಸುಮ್ಮನಿದ್ದ ಸಂಗತಿಯನ್ನು ಮಾತ್ರ ಬರೆಯಲಿಲ್ಲ. ಏಕೆ ಬಿಟ್ಟರೆಂದು ಕೇಳಿದ್ದರೆ ಅವರಿಗೂ ಹೇಳಲು ಬರುತ್ತಿರಲಿಲ್ಲ.

ಜೋಗಿಮಟ್ಟಿಗೆ ಹಂಸವೇಣಿಯೇ ಮುಖ್ಯಸ್ಥೆಯಾದಳು. ಆದೇಶ ಓದಿದ ದಿನ ಪಾಲಾಕ್ಷಪ್ಪನವರಿಗೆ ಊಟ ಸೇರಲಿಲ್ಲ. ಅವಳು ತಮ್ಮನ್ನು ತನ್ನ ತಂಡಕ್ಕೆ ಕೇಳಿ ಪಡೆದಳೆಂದು ತಿಳಿದಾಗ ಇನ್ನಷ್ಟು ಉರಿಯಿತು. ಮೊದಲ ಸಭೆಯಲ್ಲಿ ಅವಳು ಗೋಪುರದ ನಕ್ಷೆ ಹರಡಿ ಎಲ್ಲರ ಮುಖ ನೋಡಿದಳು. ಇವರ ಸರದಿ ಬಂದಿತು.

“ಬೇಡ,” ಎಂದರು ಪಾಲಾಕ್ಷಪ್ಪ. ಧ್ವನಿ ಅವರಿಗೇ ಒರಟಾಗಿ ಕೇಳಿಸಿತು. “ಪಡುವಣ ಅಂಚಿಗೆ ಕಂಬ ಬೇಡ. ಅಲ್ಲಿನ ಬಂಡೆ ಬಿರುಕು ಬಿಟ್ಟಿದೆ, ಗಾಳಿಗೆ ಕಿತ್ತು ಬರುತ್ತೆ.”

ಸಮ್ಮತಿಮಾಪಕ ಒರಟು ದನಿಯನ್ನೂ ಇಪ್ಪತ್ತು ಸೆಕೆಂಡಿನಲ್ಲಿ ಎರಡು ಸಲ ಬಂದ ನಿರಾಕರಣೆಯನ್ನೂ ತೂಗಿತು. ಗೋಡೆಯ ಮೇಲೆ ಎಲ್ಲರೂ ಓದುವಷ್ಟು ದೊಡ್ಡ ಕೆಂಪಕ್ಷರದಲ್ಲಿ ಬರೆಯಿತು: ‘ವಿರೋಧ: ಪಾಲಾಕ್ಷಪ್ಪ.’

ಹಂಸವೇಣಿ ಗೋಡೆಯನ್ನು ನೋಡಿದಳು. ಆಮೇಲೆ ನಕ್ಷೆಯನ್ನು ಅವರ ಕಡೆಗೆ ತಿರುಗಿಸಿ, ಕಂಬ ಎಲ್ಲಿ ನಿಲ್ಲಿಸಬೇಕೋ ಗುರುತು ಹಾಕಿ ಸಾರ್ ಎಂದು ಪೆನ್ಸಿಲು ಕೊಟ್ಟಳು.