ಡಾಕ್ಟರಕ್ಕನ ಪತ್ರ ಬೇಡವೇ? ಇಲ್ಲಿ ಒತ್ತಿ

ಆಫೀಸಿನ ಲಿಫ್ಟು ಒಮ್ಮೆ ಜಗ್ಗಿ ನಿಂತಿತು. ದೀಪ ಆರಿತು.

ಅವಳು ಕೈಗೆ ಸಿಕ್ಕ ಗುಂಡಿಯನ್ನೆಲ್ಲ ಒತ್ತಿದಳು. ಯಾವುದೂ ಮಾತು ಕೇಳಲಿಲ್ಲ. ಎರಡೂ ಅಂಗೈಯಿಂದ ಬಾಗಿಲು ಬಡಿದಳು.

"ಯಾರಾದ್ರೂ ಇದೀರಾ...? ತೆಗೀರಿ! ದಯವಿಟ್ಟು ತೆಗೀರಿ!"

'ಇಲ್ಲೇ ಸತ್ತು ಹೋಗ್ತೀನಿ... ಯಾರಿಗೂ ಗೊತ್ತೂ ಆಗಲ್ಲ...'

ಆಗ ತಲೆಯ ಮೇಲಿಂದ ಒಂದು ದನಿ ಬಂತು.

"ಮೇಡಂ, ನಾನು ಲಿಫ್ಟ್ ಮೆಕ್ಯಾನಿಕ್. ನಿಮ್ಮ ತಲೆ ಮೇಲೇ ನಿಂತಿದೀನಿ."

"ಇದು... ಬಿದ್ದು ಹೋಗುತ್ತಾ?"

"ಬೀಳೋ ಹಾಗಿದ್ರೆ ನಾನು ಇದರ ಮೇಲೆ ಹತ್ತುತ್ತಿದ್ನಾ? ನನಗಿನ್ನೂ ಮದುವೆನೇ ಆಗಿಲ್ಲ ಮೇಡಂ. ಜೀವದ ಮೇಲೆ ಆಸೆ ಇದೆ!"

ಅಷ್ಟು ಭಯದಲ್ಲೂ ಅವಳಿಗೆ ನಗು ಬಂತು. ಆ ನಗು ಹಾಗೇ ಅಳುವಾಯಿತು.

"ಅಳಬೇಡಿ, ಮಾತಾಡ್ತಾ ಇರಿ. ಏನು ಕೆಲಸ ನಿಮ್ದು?"

"ಮೇಲ್ ಬರೀತೀನಿ... ಕಂಪನಿ ಕಡೆಯಿಂದ... ಗಿರಾಕಿಗಳಿಗೆ."

"ಸರಿ ಹಾಗಾದ್ರೆ. ಈ ಮೆಕ್ಯಾನಿಕ್ ಒಳ್ಳೆಯವನು ಅಂತ ನಮ್ಮ ಆಫೀಸಿಗೂ ಒಂದು ಬರೀರಿ."

ಬಾಗಿಲು ಒಂದು ಗೇಣು ಸರಿಯಿತು. ಬೆಳಕಿನ ಜೊತೆ ಎಣ್ಣೆ ಮೆತ್ತಿದ ಒಂದು ಕೈ ಒಳಗೆ ಬಂತು. ಅವಳು ಅದನ್ನು ಹಿಡಿದುಕೊಂಡಳು. ಹೊರಗೆ ಬಂದ ಮೇಲೂ ಬಿಡಲಿಲ್ಲ.

ಆಮೇಲೆ ಅವಳು ಮೆಟ್ಟಿಲು ಹತ್ತಿಯೇ ಕೆಲಸಕ್ಕೆ ಹೋಗತೊಡಗಿದಳು. ಲಿಫ್ಟಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ರಿಪೇರಿಗೆ ಬಂದಾಗಲೆಲ್ಲ ಅವನು ಅವಳನ್ನು ಕಾಯುತ್ತಿದ್ದ.

"ಒಂದೇ ಮಹಡಿ ಬನ್ನಿ. ಬೇಡ ಅನ್ಸಿದ್ರೆ ಈ ಗುಂಡಿ ಒತ್ತಿ, ಬಾಗಿಲು ತೆರೆಯುತ್ತೆ. ಯಾಕೆ ಅಂತ ನಾನು ಕೇಳಲ್ಲ."

ಮೊದಲು ಒಂದು ಮಹಡಿ. ಕೆಲವು ದಿನ ಬಿಟ್ಟು ಇನ್ನೊಂದು. ಕೊನೆಯ ಮಹಡಿ ಮುಟ್ಟಿದ ದಿನ ಅವಳಿಗೆ ತಿಳಿಯಿತು... ಎದೆಯಲ್ಲಿ ಹೊಡೆದುಕೊಳ್ಳುತ್ತಿರುವುದೆಲ್ಲ ಭಯವಲ್ಲ.

ಒಂದು ಭಾನುವಾರ ಅವನು ಅವಳನ್ನು ಮನೆಗೆ ಕರೆದ. ಅವನನ್ನು ಸಾಕಿ ಬೆಳೆಸಿದವರು ದೊಡ್ಡಮ್ಮ. ಬಾಯಿ ತುಂಬಾ ಮಾತು, ಮಾತು ತುಂಬಾ ನಗು.

"ಕುತ್ಕೋ ಮಗಳೇ. ಇವನು ನಿನ್ನ ವಿಷಯ ಹೇಳೋವಾಗ ಮುಖ ನೋಡ್ಬೇಕು, ಬಲ್ಬು ಹತ್ಕೊಂಡ ಹಾಗೆ!"

"ದೊಡ್ಡಮ್ಮಾ..." ಅವನು ನಾಚಿಕೊಂಡ.

ಅಷ್ಟರಲ್ಲಿ ದೊಡ್ಡಮ್ಮನ ಫೋನು 'ಟಿಣ್' ಅಂದಿತು. ಅವರ ನಗು ಅಲ್ಲೇ ಕಮರಿತು. ಕನ್ನಡಕ ಏರಿಸಿ ಓದಿದರು. ಬಿಪಿ ಮೆಷಿನ್ನಿನ ಪಟ್ಟಿಯನ್ನು ತೋಳಿಗೆ ಸುತ್ತಿಕೊಂಡರು.

"ಈಗ ತಾನೇ ನೋಡಿದ್ರಲ್ಲ ದೊಡ್ಡಮ್ಮಾ!"

"ಸುಮ್ನಿರೋ. ಡಾಕ್ಟರಕ್ಕ ಬರೆದಿದಾರೆ. 'ನಿಮ್ಮ ಹೃದಯ ಏನೋ ಹೇಳುತ್ತಿದೆ, ತಡ ಮಾಡಬೇಡಿ' ಅಂತೆ. ಅವರಿಗೆ ಅಲ್ಲಿಂದಲೇ ಏನೋ ಕಾಣ್ಸಿರ್ಬೇಕು. ದಿನಾ ನನ್ನ ಬಿಪಿ ಎಷ್ಟು ಅಂತ ಅವರಿಗೆ ಬರೆದು ಕಳಿಸ್ತೀನಿ ಮಗಳೇ. ಪಾಪ, ಒಂದಿನಾನೂ ಉತ್ತರ ಕೊಟ್ಟಿಲ್ಲ. ನನ್ನ ಕೇಸು ಅಷ್ಟು ಕಷ್ಟದ್ದೇನೋ..."

ಅವಳು ಬಗ್ಗಿ ಫೋನಿನ ಪರದೆ ನೋಡಿದಳು.

ಆ ವಾಕ್ಯ ಅವಳದು! ಅವಳ ಕಂಪನಿ ಮಾರುತ್ತಿದ್ದುದೇ ಆ ಮೆಷಿನ್ನು. ಕೊಂಡವರಿಗೆಲ್ಲ ದಿನಾ 'ಡಾಕ್ಟರಕ್ಕ' ಎಂಬ ಹೆಸರಲ್ಲಿ ಮೇಲ್ ಹೋಗುತ್ತಿತ್ತು. ಅಂಥ ಡಾಕ್ಟರು ಯಾರೂ ಇರಲಿಲ್ಲ. ಬಂದ ಉತ್ತರಗಳನ್ನು ಯಾರೂ ತೆರೆಯುತ್ತಲೂ ಇರಲಿಲ್ಲ. ಹೆದರಿದವರು ಬೇಗ ಇನ್ನೊಂದು ಸಾಮಾನು ಕೊಳ್ಳುತ್ತಾರೆ ಎಂಬುದು ಯಜಮಾನರ ಲೆಕ್ಕ. ಆಫೀಸಿನಲ್ಲಿ ಅವಳನ್ನೇ ಎಲ್ಲರೂ 'ಡಾಕ್ಟರಕ್ಕ' ಎಂದು ರೇಗಿಸುತ್ತಿದ್ದರು.

"ಈ ಮೇಲ್ ನಿಲ್ಸೋಕೂ ಆಗ್ತಿಲ್ಲ ನೋಡಿ," ಎಂದ ಅವನು. "ಎಲ್ಲೋ ತಳದಲ್ಲಿ, ಬೂದಿ ಬಣ್ಣದಲ್ಲಿ, ಇರುವೆ ಗಾತ್ರದ ಅಕ್ಷರ. ಒತ್ತಿದ್ರೆ ಪಾಸ್‌ವರ್ಡ್ ಕೇಳುತ್ತೆ. ಕಾರಣ ಕೇಳುತ್ತೆ. ಎಲ್ಲಾ ಕೊಟ್ರೂ ಮಾರನೇ ದಿನ ಮತ್ತೆ ಹಾಜರ್! ಎಂಥ ಜನ ಇದನ್ನ ಮಾಡ್ತಾರೋ..."

ಸುಮ್ಮನಿದ್ದುಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ದೊಡ್ಡಮ್ಮನ ತೋಳಿನ ಪಟ್ಟಿ ಬುಸ್ಸೆಂದು ಬಿಗಿಯುತ್ತಿತ್ತು, ಅವರು ಕಣ್ಣು ಮುಚ್ಚಿ ಕಾಯುತ್ತಿದ್ದರು.

"ನಾನು," ಎಂದಳು. "ನಾನೇ ಮಾಡೋದು. ಆ ಡಾಕ್ಟರಕ್ಕ... ನಾನೇ."

ಅವನು ಎದ್ದು ಅವಳನ್ನು ಬಾಗಿಲವರೆಗೆ ಬಿಡಲು ಬಂದ. ಕೂಗಾಡಿದ್ದರೆ ಅವಳಿಗೆ ಎಷ್ಟೋ ವಾಸಿಯಿತ್ತು.

"ಆವತ್ತು ಲಿಫ್ಟಲ್ಲಿ ನಿಮಗೆ ಹೇಗಾಗಿತ್ತು, ನೆನಪಿದ್ಯಾ?" ಎಂದು ಮೆಲ್ಲಗೆ ಕೇಳಿದ. "ದೊಡ್ಡಮ್ಮ ದಿನಾ ಅದರೊಳಗೇ ಇದಾರೆ."

ಬಾಗಿಲು ಮುಚ್ಚಿತು.

ಮುಂದಿನ ಸಲ ಲಿಫ್ಟು ನೋಡಲು ಬೇರೆ ಮೆಕ್ಯಾನಿಕ್ ಬಂದ. ಅವಳ ಫೋನು ಮೂಕವಾಯಿತು. 'ನನ್ನನ್ನ ಅಸಹ್ಯ ಪಟ್ಕೊಂಡಿದಾನೆ... ಪಡಬೇಕಾದ್ದೇ...'

ಅವಳು ಯಜಮಾನರ ಎದುರು ಹೋಗಿ ನಿಂತಳು.

"ಸಾರ್, ಮೇಲ್ ನಿಲ್ಲಿಸೋ ಗುಂಡೀನ ಮೇಲಕ್ಕೆ ತರೋಣ. ದೊಡ್ಡ ಅಕ್ಷರದಲ್ಲಿ. ಒಂದು ಸಲ ಒತ್ತಿದ್ರೆ ನಿಲ್ಲಬೇಕು."

"ಅಂಗಡಿ ಬಾಗಿಲಲ್ಲೇ 'ಹೋಗಿ ಬನ್ನಿ' ಅಂತ ಬೋರ್ಡ್ ಹಾಕ್ತೀಯೇನಮ್ಮಾ? ಅರ್ಧ ಜನ ಓಡ್ತಾರೆ!"

"ಹೆದರಿ ಉಳಿದವರು ಗಿರಾಕಿಗಳಲ್ಲ ಸಾರ್, ಸಿಕ್ಕಿಹಾಕ್ಕೊಂಡವರು."

"ಅವರು ಓಡಿದ ದಿನ ನೀನೂ ಗಂಟುಮೂಟೆ ಕಟ್ಟು. ಹೋಗು, ಕೆಲಸ ನೋಡು."

ಅವಳು ಕೆಲಸವನ್ನೇ ನೋಡಿದಳು. ಮರುದಿನದ ಮೇಲ್‌ನಲ್ಲಿ ಮೊದಲ ಸಾಲೇ ಹೀಗಿತ್ತು: "ಡಾಕ್ಟರಕ್ಕ ಎನ್ನುವವರು ಯಾರೂ ಇಲ್ಲ. ನಿಮ್ಮ ಹೃದಯ ನಮಗೆ ಇಲ್ಲಿಂದ ಕಾಣುವುದಿಲ್ಲ. ಹೆದರಿಸಿದ್ದಕ್ಕೆ ಕ್ಷಮಿಸಿ. ಈ ಪತ್ರಗಳು ಬೇಡವೇ? ಇಲ್ಲಿ ಒತ್ತಿ. ಅಷ್ಟೇ."

ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟಳು. ಈ ಕೆಲಸ ಹೋದರೆ ಅಮ್ಮನಿಗೆ ಏನು ಹೇಳುವುದು? ಗುಂಡಿಯ ಮೇಲಿಂದ ಬೆರಳು ತೆಗೆದಳು. ಮತ್ತೆ ಇಟ್ಟಳು. ಕಣ್ಣು ಮುಚ್ಚಿ ಒತ್ತಿದಳು.

ಜನ ಹೋದರು. ಗುಂಪು ಗುಂಪಾಗಿ ಹೋದರು! ಯಜಮಾನರು ಕೆಂಡವಾದರು. ಕೂಗಿ ಕೂಗಿ ಸುಸ್ತಾದ ಮೇಲೆ ಹೊಸದಾಗಿ ಬಂದ ಉತ್ತರಗಳತ್ತ ಕಣ್ಣು ಹಾಯಿಸಿದರು. ಅವರು ಉತ್ತರಗಳನ್ನು ತೆರೆದು ಓದಿದ್ದು ಅದೇ ಮೊದಲು. ಕೆಲವರು ಥ್ಯಾಂಕ್ಸ್ ಹೇಳಿದ್ದರು, ಒಬ್ಬರು ಮೆಷಿನ್ನಿಗೆ ಹೊಸ ಪಟ್ಟಿ ಸಿಗುತ್ತಾ ಎಂದು ಕೇಳಿದ್ದರು. ಯಜಮಾನರು ಕನ್ನಡಕ ಒರೆಸಿಕೊಂಡು, "ಈ ತಿಂಗಳು ನೋಡ್ತೀನಿ. ಆಮೇಲೆ ಹೇಳ್ತೀನಿ," ಎಂದು ಗೊಣಗಿ ಎದ್ದುಹೋದರು.

ಕೆಲಸ ಸದ್ಯಕ್ಕೆ ಉಳಿಯಿತು. ಅವನು?

ಅವಳು ಅವನಿಗೊಂದು ಮೆಸೇಜು ಬರೆದಳು. "ನಿಮ್ಮ ಜೊತೆ ಮಾತಾಡ್ಬೇಕು. ಬೇಡ ಅಂದ್ರೆ 'ಬೇಡ' ಅಂತ ಒಂದೇ ಪದ ಕಳಿಸಿ. ಕಾರಣ ಕೇಳಲ್ಲ. ಮತ್ತೆ ತೊಂದರೆ ಕೊಡಲ್ಲ."

ಕಳಿಸಿದಳು. ಫೋನನ್ನು ಆಫೀಸಿನ ಮೇಜಿನ ಮೇಲೆ ಬೋರಲು ಹಾಕಿದಳು. ಇಷ್ಟು ದಿನ ತನ್ನ ಪತ್ರ ಓದಿದವರಿಗೆ ಆಗಿದ್ದ ಭಯ ಈಗ ಅವಳದಾಯಿತು. ಫೋನು ಎಲ್ಲಿ ಸದ್ದು ಮಾಡಿಬಿಡುತ್ತದೋ...!

ಫೋನು ಸದ್ದು ಮಾಡಲಿಲ್ಲ. ಲಿಫ್ಟು ಮಾಡಿತು.

ಬಾಗಿಲು ತೆರೆಯಿತು. ಒಳಗೆ ದೊಡ್ಡಮ್ಮ! ಹಿಂದೆ ತಲೆ ತಗ್ಗಿಸಿಕೊಂಡು ಅವನು.

"ಎಲ್ಲಮ್ಮಾ ನಮ್ಮ ಡಾಕ್ಟರಕ್ಕ?" ದೊಡ್ಡಮ್ಮ ಅವಳ ಕೆನ್ನೆ ಹಿಡಿದರು. "ಒಂದೇ ಸಲ ಒತ್ತಿದೆ, ನಿಂತೇ ಹೋಯ್ತು! ನಂಬಿಕೆ ಬರದೆ ಆಮೇಲೂ ಫೋನ್ ಹಿಡ್ಕೊಂಡೇ ಕೂತಿದ್ದೆ. ಹೆದರಿಸಿದ್ದಕ್ಕೆ ನಿನ್ನ ಕಿವಿ ಹಿಂಡ್ಬೇಕು. ಅದು ಆಮೇಲೆ. ಮೊದಲು ಈ ಮೂಗನ ಮಾತು ಕೇಳು."

ಅವರು ಲಿಫ್ಟಿನೆದುರಿನ ಬೆಂಚಿನ ಮೇಲೆ ಕೂತು ಗೋಡೆ ಕಡೆ ತಿರುಗಿದರು. ಕಿವಿ ಮಾತ್ರ ಈ ಕಡೆಗೇ ಇತ್ತು.

"ನಿಮಗೆ ಸಿಟ್ಟು ಅಂದ್ಕೊಂಡೆ," ಎಂದಳು ಅವಳು.

"ಸಿಟ್ಟಲ್ಲ... ಹೆದರಿಕೆ. ನಾನು ಇಷ್ಟಪಟ್ಟ ಹುಡುಗಿನೇ ಬೇರೆ, ಇವರೇ ಬೇರೆನಾ ಅಂತ. ಕೇಳೋ ಧೈರ್ಯ ಇಲ್ಲದೆ ತಪ್ಪಿಸ್ಕೊಂಡು ಓಡಾಡಿದೆ."

"ಬಾಗಿಲು ಎಲ್ಲಿದೆ ಅಂತ ಹೇಳ್ದೆ ಮುಚ್ಕೊಂಡ್ರಿ. ನನ್ನ ಮೇಲ್ ಥರಾನೇ."

ಅವನು ನಕ್ಕ. ಕಣ್ಣು ಒದ್ದೆಯಾಗಿತ್ತು. "ತಪ್ಪಾಯ್ತು. ಕೆಳಗೆ ಹೋಗಿ ಮಾತಾಡೋಣ್ವಾ?"

ಅವಳು ಲಿಫ್ಟಿನೊಳಗೆ ಕಾಲಿಟ್ಟಳು. ಮತ್ತದೇ ಹಳೆಯ ಭಯ...

"ಬಾಗಿಲು ತೆರೆದೇ ಇರಲಿ."

"ತೆರೆದಿದ್ರೆ ಲಿಫ್ಟ್ ಹೋಗಲ್ಲ ಮೇಡಂ."

ಅವನು ಅವಳ ಕೈ ಹಿಡಿದು, ಬಾಗಿಲು ತೆರೆಯುವ ಗುಂಡಿಯ ಪಕ್ಕದಲ್ಲಿಟ್ಟ.

"ಇಲ್ಲಿದೆ. ಯಾವಾಗ ಬೇಕಾದ್ರೂ ಒತ್ತಿ."

"ಯಾಕೆ ಅಂತ ಕೇಳಲ್ವಾ?"

"ಕೇಳಲ್ಲ. ಆದ್ರೆ... ಒತ್ತದೇ ಇದ್ರೆ ತುಂಬಾ ಖುಷಿಪಡ್ತೀನಿ."

ಬಾಗಿಲು ಮುಚ್ಚಿತು. ಅವಳು ಗುಂಡಿಯ ಬಳಿಯಿಂದ ಕೈ ತೆಗೆದು, ಅವನ ಎಣ್ಣೆ ಮೆತ್ತಿದ ಕೈಯೊಳಗೆ ಇಟ್ಟಳು.